ಕೊನೆಯ ಬೆಂಚಿಗೂ ಕೇಳಿಸಿದ ಗುಟ್ಟು

"ನಾ ಬರಂಗಿಲ್ರಿ ಆಂಟಿ. ನಾಳಿ ದಂಡನಾಯಕನ್ನ ಬ್ಯಾರೆ ಕಡೆ ಹುಡುಕ್ಕೊಳ್ರಿ."

ನಾಟಕ ತಂಡದ ತಾಲೀಮು ಹಾಲಿನ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಅಮರೇಶ ಈ ಮಾತು ಹೇಳಿದಾಗ ಅವನ ಮೈಮೇಲೆ ದಂಡನಾಯಕನ ಜರಿ ಅಂಗಿ ಇತ್ತು. ಸೊಂಟದಲ್ಲಿ ಮರದ ಕತ್ತಿ ಇತ್ತು. ತಲೆಯ ಮೇಲೆ ಮಾತ್ರ ಮನೆಮನೆಗೆ ಊಟ ತಲುಪಿಸುವ ಕೆಲಸದ ಹೆಲ್ಮೆಟ್. ಮೀಸೆಯ ಒಂದು ಬದಿ ಸರಿಯಾಗಿ ಅಂಟಿತ್ತು, ಇನ್ನೊಂದು ಬದಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಜಲಜಾ ನಗು ನುಂಗಿಕೊಂಡರು. ನಗುವ ಹೊತ್ತಲ್ಲ ಇದು. ಬೆಳಿಗ್ಗೆ ತಾಲೀಮಿಗೆ ವೇಷ ಹಾಕಿದವನೇ ಈ ಹುಡುಗ ಯಾರಿಗೂ ಕಾರಣ ಹೇಳದೆ ಇಲ್ಲಿ ಹತ್ತಿ ಕೂತಿದ್ದಾನೆ. ನಾಳೆ ಸಂಜೆ ನಾಟಕ, ಬರುವ ಗುರುವಾರ ಅವನಿಗೂ ಶಿಲ್ಪಾಳಿಗೂ ನಿಶ್ಚಿತಾರ್ಥ.

"ಹೆಲ್ಮೆಟ್ ಆದ್ರೂ ತೆಗಿಯಪ್ಪ. ಜರಿ ಕಾಲರ್‌ಗೆ ಎಣ್ಣೆ ಹತ್ತುತ್ತೆ. ಎರಡು ದಿನ ಕೂತು ಹೊಲಿದಿದೀನಿ."

"ತೆಗದ್ರ ನೀವು ನನ್ನ ಮುಖ ನೋಡ್ತೀರಿ."

"ಈಗ್ಲೂ ಕಾಣ್ತಾ ಇದೆ ಕಣೋ. ಗ್ಲಾಸು ಮೇಲೆತ್ತಿದೀಯ."

ಅಮರೇಶ ಗ್ಲಾಸನ್ನು ಟಪ್ಪೆಂದು ಕೆಳಗೆಳೆದುಕೊಂಡ.

ಜಲಜಾ ಪಕ್ಕದ ಇಟ್ಟಿಗೆ ರಾಶಿಯ ಮೇಲೆ ಕೂತರು. ಕೂರುವ ಮುಂಚೆ ಇಟ್ಟಿಗೆ ಅಲುಗಾಡುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿದರು. ಅದು ಅವರ ಸ್ವಭಾವ. ಬಸವೇಶ್ವರನಗರದ ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದೆಯೇ ಎಂದು ನೋಡಲು ಮತ್ತೆ ಬೀಗ ತೆಗೆಯುವವರು ಅವರು. ಜಗತ್ತಿನಲ್ಲಿ ಏನೇನು ತಪ್ಪಾಗಬಹುದು ಎಂದು ಸದಾ ಎದೆ ಢವಗುಟ್ಟುವುದರಿಂದಲೇ ಇರಬೇಕು, ನಿಜವಾಗಿ ತಪ್ಪಾದದ್ದು ಮೊದಲು ಅವರ ಕಣ್ಣಿಗೇ ಬೀಳುತ್ತಿತ್ತು.

ಈ ಸಲದ ಢವಢವಕ್ಕೆ ಬಲವಾದ ಕಾರಣವಿತ್ತು. ಶಿಲ್ಪಾಳ ಅಮ್ಮ ಹೊನ್ನವ್ವನ ಎದುರು ಕೂತು, "ಹುಡುಗ ಬಂಗಾರ, ನನ್ನ ಮಾತು ನಂಬಿ" ಎಂದು ಒಪ್ಪಿಸಿ ಬಂದವರು ಜಲಜಾ. ಮಾತನ್ನು ಅಳೆದು ಆಡುವ ಹೆಂಗಸು. ಜೀವನದಲ್ಲಿ ಇನ್ನೊಬ್ಬರ ಪರವಾಗಿ ಅಷ್ಟು ದೊಡ್ಡ ಮಾತು ಕೊಟ್ಟದ್ದು ಅದೊಂದೇ ಸಲ.

"ಸಂಜಿ ಬಸ್ಸಿಗೆ ಊರಿಗೆ ಹೊಂಟೀನ್ರಿ. ಹೆಗ್ಗನಹಳ್ಳಿ ರೂಮಿನಾಗ ಬ್ಯಾಗ್ ಕಟ್ಟಿಟ್ಟೀನಿ."

"ಶಿಲ್ಪಾಗೆ ಹೇಳ್ದೆಯಾ?"

"ಅಕಿಗೆ ಹೇಳಾಕ ಬ್ಯಾರೆಯವ್ರು ಅದಾರ."

ಹೇಳಿದ್ದೇ ತುಟಿ ಕಚ್ಚಿಕೊಂಡ. 'ಏನದು, ತೋರಿಸು' ಎಂದು ಜಲಜಾ ಕೈ ಚಾಚಿದರು. ಅವನು ಜರಿ ಅಂಗಿಯ ಒಳಗಿನಿಂದ ಫೋನ್ ತೆಗೆದು, ಒಂದು ಧ್ವನಿ ಸಂದೇಶ ಒತ್ತಿ ಕೊಟ್ಟ. ನಿನ್ನೆ ಸಂಜೆ ಗೊತ್ತಿಲ್ಲದ ನಂಬರಿನಿಂದ ಬಂದದ್ದು. ಹೆಸರಿಲ್ಲ, ಫೋಟೋ ಇಲ್ಲ.

ಶಿಲ್ಪಾಳ ದನಿ. ಅನುಮಾನವೇ ಇಲ್ಲ.

"ಬಾ, ಬಾಗಿಲು ಹಾಕು. ಅವರು ಊರಿಗೆ ಹೋಗಿದಾರೆ, ಸೋಮವಾರದ ತನಕ ಬರಲ್ಲ." ಸ್ವಲ್ಪ ಮೌನ. "ಏನು?" ಮತ್ತೆ ಮೌನ. ಆಮೇಲೆ ಒಂದು ನಗು. "ಹೆದರ್ಕೋಬೇಡ. ನಾನು ಒಂದು ಸಲ ನಕ್ಕರೆ ಸಾಕು, ಅವರು ಎಲ್ಲಾ ನಂಬಿಬಿಡ್ತಾರೆ. ಇದು ನಮ್ಮಿಬ್ಬರ ಗುಟ್ಟು."

ಅಷ್ಟೇ.

"ಹಿಂದ ಒಂದು ಶನಿವಾರ ನಾ ಖರೇನ ಊರಿಗೆ ಹೋಗಿದ್ನಿ ಆಂಟಿ. ಅಕ್ಕನ ಕೂಸಿನ ತೊಟ್ಲಾ ಇತ್ತು. ಸೋಮವಾರ ಬಂದ್ನಿ." ಹೆಲ್ಮೆಟ್ಟಿನೊಳಗಿಂದ ದನಿ ಬಾವಿಯಿಂದ ಬಂದಂತೆ ಬಂತು. "ಬಂದಾಗ ಅಕಿ ನಕ್ಕಳ್ರಿ. ನಾ ನಂಬಿದ್ನಿ."

ಜಲಜಾರ ಎದೆಯಲ್ಲಿ ಏನೋ ಕುಸಿಯಿತು. ಹೊನ್ನವ್ವನ ಮುಖ ಕಣ್ಣಮುಂದೆ ಬಂತು.

"ಇನ್ನೊಂದು ಸಲ ಹಾಕು."

"ಬ್ಯಾಡ್ರೀ..."

"ಹಾಕಪ್ಪ."

ಎರಡನೇ ಸಲ ಕೇಳುವಾಗ ಕಣ್ಣು ಮುಚ್ಚಿಕೊಂಡರು. ಮೂರನೇ ಸಲ ಫೋನನ್ನು ಕಿವಿಯಿಂದ ದೂರ, ತೋಳು ಚಾಚಿ ಹಿಡಿದರು. ಅಷ್ಟು ದೂರಕ್ಕೂ ಒಂದೊಂದು ಅಕ್ಷರ ಮುತ್ತಿನ ಹಾಗೆ ಕೇಳಿಸಿತು.

ಕುಸಿದದ್ದು ಮೆಲ್ಲಗೆ ಎದ್ದು ಕೂತಿತು.

"ಅಮರೇಶ, ಇದರಲ್ಲಿ ಇನ್ನೊಬ್ಬನ ಮಾತು ಎಲ್ಲಿ?"

"ಅಂವ ಸಣ್ಣ ದನಿಲೆ ಮಾತಾಡಿರಬೇಕ್ರಿ. ಗುಟ್ಟಲ್ಲೇನ್ರಿ?"

"ಸರಿ. ಅವನು ಸಣ್ಣ ದನಿಯಲ್ಲಿ ಮಾತಾಡ್ದ. ಇವಳು ಯಾಕೆ ಆಡ್ಲಿಲ್ಲ?"

ಅಮರೇಶ ಗ್ಲಾಸು ಮೇಲೆತ್ತಿದ.

"ಶಿಲ್ಪಾ ನಿನ್ನ ಹತ್ರ ಫೋನಿನಲ್ಲಿ ಮಾತಾಡ್ತಾಳಲ್ಲ, ಹೇಗೆ ಮಾತಾಡ್ತಾಳೆ?"

"ಹ್ಯಾಂಗಂದ್ರ... ಕೇಳಸೂದ ಇಲ್ರಿ ಅಕಿದು. ಮಾತಿಗೊಮ್ಮೆ ಏನಂದಿ, ಏನಂದಿ ಅನಬೇಕು. ಸಿಗ್ನಲ್‌ನಾಗ ನಿಂತು ನಾ ಏನಂದಿ ಅಂತ ಒದರಿದ್ರ ಬಾಜೂ ಆಟೋದವ್ರು ನಂಗ ಉತ್ತರ ಕೊಡ್ತಾರ."

ಅದು ಇಡೀ ತಂಡಕ್ಕೆ ಗೊತ್ತಿದ್ದ ವಿಷಯ. ನಂದಿನಿ ಲೇಔಟಿನ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುವ ಶಿಲ್ಪಾ, ಸೂಜಿ ಚುಚ್ಚುವ ಮುಂಚೆ 'ಸ್ವಲ್ಪ ನೋವಾಗುತ್ತೆ' ಎಂದು ಹೇಳುವುದು ಚುಚ್ಚಿಸಿಕೊಳ್ಳುವವರಿಗೂ ಕೇಳಿಸುತ್ತಿರಲಿಲ್ಲ. ಅವಳ ಬಾಯಿಂದ ದನಿ ಹೊರಡಿಸಲು ನಿರ್ದೇಶಕ ಪುರುಷೋತ್ತಮ ಪಟ್ಟ ಪಾಡು ಇಡೀ ಬೀದಿಗೆ ಗೊತ್ತು. ದಿನಾ ಸಂಜೆ ಹಾಲಿನ ಹಿಂಬದಿಯ ಗೋಡೆಗೆ ಒರಗಿ ನಿಂತು, 'ಕೊನೇ ಬೆಂಚು ಶಿಲ್ಪಾ, ಕೊನೇ ಬೆಂಚು! ಗುಟ್ಟು ಹೇಳಿದ್ರೂ ಕೊನೇ ಬೆಂಚಿಗೆ ಕೇಳಿಸ್ಬೇಕು!' ಎಂದು ಅವರು ಕೂಗುತ್ತಿದ್ದರೆ ಕೆಳಗಿನ ಹಿಟ್ಟಿನ ಗಿರಣಿಗೆ ರಾಗಿ ತಂದವರು ತಲೆಯೆತ್ತಿ ನೋಡುತ್ತಿದ್ದರು.

"ಇದು ಯಾರಿಗೆ ಕೇಳಿಸಲಿ ಅಂತ ಆಡಿದ ಗುಟ್ಟು ಕಣೋ?" ಜಲಜಾ ಮೆಲ್ಲಗೆ ಕೇಳಿದರು.

ಅಮರೇಶನ ಬಾಯಿ ತೆರೆಯಿತು. ಅಂಟಿದ್ದ ಬದಿಯೂ ಕಿತ್ತು ಮೀಸೆ ಬಿದ್ದುಹೋಯಿತು.

"ಕೊನೇ ಬೆಂಚಿಗೆ," ಅಂದ.

*

ಜಲಜಾ ಕೂಗಿ ಕರೆದದ್ದಕ್ಕೆ ಪುರುಷೋತ್ತಮ ಏದುಸಿರು ಬಿಡುತ್ತಾ ತಾರಸಿಗೆ ಹತ್ತಿ ಬಂದವರು ಸಂದೇಶ ಕೇಳಿ ಮೊದಲು ಆಡಿದ ಮಾತು: "ಎಷ್ಟು ಚೆನ್ನಾಗಿ ಮಾಡಿದಾಳೆ ನೋಡ್ರಿ!"

"ಸಾರ್, ಏನಿದು ಅಂತ ಮೊದ್ಲು ಹೇಳಿ," ಅಂದರು ಜಲಜಾ.

"ಖಾಲಿ ಕುರ್ಚಿ ಅಭ್ಯಾಸ ಅಮ್ಮ. ಅವತ್ತು ಇವನು ಇರ್ಲಿಲ್ಲ. ನೀವೂ ಇರ್ಲಿಲ್ಲ, ಬಟ್ಟೆ ಅಳತೆಗೆ ಆಮೇಲೆ ತಾನೇ ಬರೋಕೆ ಶುರು ಮಾಡಿದ್ದು. ನಮ್ಮ ನಾಟಕದಲ್ಲಿ ಬಂಟ ಇದಾನಲ್ಲ, ಅವನು ದಂಡನಾಯಕನ ಕಿವಿ ಊದಿ ಊದಿ ಹೆಂಡತಿ ಮೇಲೆ ಅನುಮಾನ ಹುಟ್ಟಿಸ್ತಾನೆ. ಪಾಪ, ಆ ಹೆಂಡತಿ ಅಂಥದ್ದು ಒಂದು ಮಾತೂ ಆಡಿರಲ್ಲ. ಆದ್ರೆ ದಂಡನಾಯಕನ ತಲೆಯೊಳಗೆ ಒಬ್ಬಳು ಹೆಂಡತಿ ಹುಟ್ಟಿಕೊಂಡಿರ್ತಾಳಲ್ಲ, ಅವಳು ಹೇಗೆ ಮಾತಾಡ್ತಾಳೆ? ಅದನ್ನ ಮಾಡು ಅಂದೆ. ಎದುರಿಗೆ ಖಾಲಿ ಕುರ್ಚಿ ಇಟ್ಟು, ಇವತ್ತಿನ ಮಾತಲ್ಲಿ, ನಿನ್ನ ಮನೆ ಮಾತಲ್ಲಿ ಮಾಡು ಅಂದೆ." ಅವರು ಅಮರೇಶನ ಕಡೆ ತಿರುಗಿದರು. "ಆ ಹೆಂಡತಿ ಈಗ ನಿನ್ನ ತಲೆಯೊಳಗೆ ಬಂದು ಕೂತವಳೇ. ಇಷ್ಟು ಒಳ್ಳೆ ದಂಡನಾಯಕ ಇನ್ನೆಲ್ಲಿ ಸಿಕ್ತಾನಯ್ಯಾ ನಂಗೆ?"

"ಸಾರ್, ನಗಬ್ಯಾಡ್ರಿ. ರಾತ್ರಿ ಪೂರಾ ಅತ್ತೀನಿ."

"ಅಳೋಕ್ಮುಂಚೆ ಅವಳನ್ನ ಒಂದು ಮಾತು ಕೇಳೋಕೆ ಏನಾಗಿತ್ತೋ?" ಜಲಜಾರಿಗೆ ಈಗ ನಿಜಕ್ಕೂ ಸಿಟ್ಟು ಬಂದಿತ್ತು. ಹೋದ ಜೀವ ಬಂದಾಗ ಬರುವ ಸಿಟ್ಟು.

ಮೆಟ್ಟಿಲ ಬಾಗಿಲಲ್ಲಿ ಅವರ ಗಂಡ ಗೋಪೀನಾಥರ ತಲೆ ಕಾಣಿಸಿತು. ನಾಟಕದಲ್ಲಿ ಅವರದು ದ್ವಾರಪಾಲಕನ ಪಾತ್ರ. ಇರುವುದು ಒಂದೇ ಮಾತು, 'ಪ್ರಭುಗಳು ಬರುತ್ತಿದ್ದಾರೆ.' ಅದನ್ನು ಒಂದು ತಿಂಗಳಿಂದ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡುವುದನ್ನು ಕೇಳಿ ಕೇಳಿ ಪಕ್ಕದ ಮನೆಯವರೂ ಕಲಿತುಬಿಟ್ಟಿದ್ದರು.

"ಅದೇ ನಾನೂ ಹೇಳೋದು," ಅಂದರು ಗೋಪೀನಾಥ. "ಆ ದಂಡನಾಯಕ ಹೆಂಡತಿನ ಒಂದು ಪ್ರಶ್ನೆ ಕೇಳಿಬಿಟ್ಟಿದ್ರೆ ನಾಟಕ ಇಂಟರ್ವಲ್‌ಗೆ ಮುಂಚೆ ಮುಗೀತಿತ್ತು. ಎಲ್ಲರೂ ಬೋಂಡಾ ತಿಂದು ಮನೆಗೆ ಹೋಗಬಹುದಿತ್ತು."

ಅಮರೇಶ ಅಷ್ಟು ಹೊತ್ತಿಗೆ ಮೆಟ್ಟಿಲಿಳಿಯತೊಡಗಿದ್ದ. ಮರದ ಕತ್ತಿ ಒಂದೊಂದು ಮೆಟ್ಟಿಲಿಗೂ ಟಕ್ ಟಕ್ ಬಡಿಯುವ ಸದ್ದು ಕೇಳಿಸಿತು.

*

ಜಲಜಾ ಇಳಿದು ಬರುವಷ್ಟರಲ್ಲಿ ಹಾಲಿನ ನಡುವೆ ಶಿಲ್ಪಾ ಅಮರೇಶನ ಹೆಲ್ಮೆಟ್ಟಿನ ಮೇಲೆ ಬೀಸಣಿಗೆಯಿಂದ ಬಡಿಯುತ್ತಿದ್ದಳು. ಆ ಬೀಸಣಿಗೆ ಮೂರನೇ ಅಂಕಕ್ಕೆ ಬೇಕಾದದ್ದು.

"ಮೆತ್ತಗೆ ಕಣೇ! ನವಿಲುಗರಿ ಕಿತ್ತುಹೋಗುತ್ತೆ!"

"ಹೆಲ್ಮೆಟ್ ತೆಗಿ ಅನ್ನಿ ಆಂಟಿ ಇವನಿಗೆ, ಮೆತ್ತಗೆ ಹೊಡೀತೀನಿ!" ಶಿಲ್ಪಾ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಅವಳ ದನಿ ಈಗ ಯಾರ ಒತ್ತಾಯವೂ ಇಲ್ಲದೆ ಕೊನೆಯ ಬೆಂಚಿಗೆ, ಅಲ್ಲಿಂದಾಚೆ ಮೆಟ್ರೋ ಕಂಬದವರೆಗೂ ಕೇಳಿಸುತ್ತಿತ್ತು. "ಊರಿಗೆ ಹೋಗ್ತಿದ್ನಂತೆ! ಹೇಳದೇ ಕೇಳದೇ! ನಮ್ಮಮ್ಮ ಹೋಳಿಗೆಗೆ ಬೇಳೆ ಆರಿಸ್ತಾ ಕೂತಿದಾಳೆ ಅಲ್ಲಿ ಶ್ರೀಗಂಧದ ಕಾವಲ್‌ನಲ್ಲಿ!"

"ತಪ್ಪಾತು. ತಪ್ಪಾತು ಅಂದ್ನೆಲ್ಲೇ!"

"ಇನ್ನೊಂದ್ಸಲ ಅನ್ನು. ಕೇಳಿಸ್ಲಿಲ್ಲ."

"ತಪ್ಪಾತೂ!"

ತಂಡದವರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ಡೋಲು ಬಡಿದರು. ಗೋಪೀನಾಥ ಸಂದರ್ಭಕ್ಕೆ ಏನೂ ಸಂಬಂಧವಿಲ್ಲದೆ 'ಪ್ರಭುಗಳು ಬರುತ್ತಿದ್ದಾರೆ' ಎಂದು ಕೂಗಿ ತಾವೇ ಖುಷಿಪಟ್ಟರು.

ತಾಲೀಮು ಶುರುವಾಯಿತು. ಅಲ್ಲಿ ಹೊಸ ತೊಂದರೆ ಎದ್ದಿತು. ಕೊನೆಯ ದೃಶ್ಯದಲ್ಲಿ ದಂಡನಾಯಕ ಅನುಮಾನದಿಂದ ಕುದಿಯುತ್ತಾ ಬಂದು, ಮಲಗಿದ ಹೆಂಡತಿಯ ಮೇಲೆ ಕತ್ತಿ ಎತ್ತಬೇಕು. ಅಮರೇಶ ಬಂದ. ಕತ್ತಿ ಎತ್ತಿದ. ಮಲಗಿದ್ದ ಶಿಲ್ಪಾ ಒಂದು ಕಣ್ಣು ತೆರೆದಳು. ದಂಡನಾಯಕ ಹಲ್ಲು ಬಿಟ್ಟ.

"ಅಯ್ಯೋ, ಕೊಲ್ಲಯ್ಯಾ!" ಪುರುಷೋತ್ತಮ ತಲೆ ಚಚ್ಚಿಕೊಂಡರು. "ನಿಶ್ಚಿತಾರ್ಥದ ಫೋಟೋಗೆ ನಿಂತಂಗೆ ನಿಂತಿದೀಯಲ್ಲೋ! ಇನ್ನೊಂದ್ಸಲ! ಶಿಲ್ಪಾ, ಕಣ್ಣು ಮುಚ್ಚು. ಸತ್ತಮೇಲೂ ಮುಚ್ಕೊಂಡೇ ಇರು!"

"ಸಾರ್, ಬೆಳಿಗ್ಗೆ ಆಗಿದ್ರ ಕೊಲ್ಲತಿದ್ನಿ," ಅಂದ ಅಮರೇಶ. "ಈಗ ಮನಸ್ಸು ಬರವಲ್ದು."

ಹಾಲಿಗೆ ಹಾಲೇ ನಕ್ಕಿತು. ಜಲಜಾ ಕೂಡ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗುತ್ತಿರುವಾಗಲೇ, ಬಾಗಿಲ ಬಳಿಯ ಬಿದಿರಿನ ಬುಟ್ಟಿಯ ಮೇಲೆ ಅವರ ಕಣ್ಣು ಬಿತ್ತು. ನಗು ಅಲ್ಲಿಗೆ ನಿಂತಿತು.

ಬುಟ್ಟಿಯ ತುಂಬ ಫೋನುಗಳಿದ್ದವು. ಅದು ಪುರುಷೋತ್ತಮರ ಕಟ್ಟುನಿಟ್ಟು. ಚಪ್ಪಲಿ ಹೊರಗೆ, ಫೋನು ಬುಟ್ಟಿಗೆ. ಆಮೇಲೇ ತಾಲೀಮು. ಅವರ ಫೋನೂ ಅದರಲ್ಲೇ ಇರುತ್ತಿತ್ತು.

ಎಲ್ಲರ ಫೋನೂ ಬುಟ್ಟಿಯಲ್ಲಿದ್ದರೆ ಖಾಲಿ ಕುರ್ಚಿಯ ಮಾತನ್ನು ರೆಕಾರ್ಡ್ ಮಾಡಿದ್ದು ಯಾವುದು?

"ರೀ," ಎಂದು ಗಂಡನ ತೋಳು ಚಿವುಟಿದರು. "ಅಭ್ಯಾಸದ ದಿನ ನೀವಿದ್ರಲ್ಲ. ಯಾರ ಫೋನು ಹೊರಗಿತ್ತು?"

"ಶಿವಯೋಗಿದು. ಯಾವಾಗ್ಲೂ ಅವನದೇ. ಹೇಗೆ ಮಾಡಿದ್ವಿ ಅಂತ ಆಮೇಲೆ ನಮಗೇ ಕೇಳಿಸೋಕೆ ಸಾರ್ ಅವನ ಕೈಲಿ ರೆಕಾರ್ಡ್ ಮಾಡಿಸ್ತಾರೆ." ಗೋಪೀನಾಥರ ಕಣ್ಣು ಅರಳಿತು. "ಜಲಜಾ! ಶಿವಯೋಗಿ! ನಾಟಕದಲ್ಲೂ ಕಿವಿ ಊದೋ ಬಂಟ ಅವನೇ! ನಾನು ಮೊದಲನೇ ದಿನಾನೇ ಅಂದುಕೊಂಡಿದ್ದೆ, ಆ ಹುಬ್ಬು ನೋಡಿದ್ರೇನೇ..."

"ಹುಬ್ಬು ನಾನೇ ಪೆನ್ಸಿಲಲ್ಲಿ ಬರೆದದ್ದು ಕಣ್ರೀ."

"ಹೌದಾ? ಆದ್ರೂ."

ಆದರೂ. ಜಲಜಾರ ಮನಸ್ಸು ಒಂದೊಂದಾಗಿ ಜೋಡಿಸತೊಡಗಿತು. ಶಿವಯೋಗಿ ಅಮರೇಶನ ರೂಮ್‌ಮೇಟ್, ಒಂದೇ ತಾಲೂಕಿನವರು. ವಿಜಯನಗರದ ಕೋಚಿಂಗ್ ಸೆಂಟರಿನಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಹುಡುಗ. ಅಮರೇಶನನ್ನು ಈ ತಂಡಕ್ಕೆ ಕರೆತಂದವನೇ ಅವನು. ದಂಡನಾಯಕನ ಪಾತ್ರ ತನಗೇ ಎಂದು ಕಾದಿದ್ದವನು. ಪುರುಷೋತ್ತಮರು ಅಮರೇಶನ ಎತ್ತರ ನೋಡಿ ಪಾತ್ರ ಅವನಿಗೆ ಕೊಟ್ಟಾಗ ಎಲ್ಲರೆದುರೂ ನಕ್ಕು, ಬಚ್ಚಲಿಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದವನು ಎಂದು ಗಂಡನೇ ಹೇಳಿದ್ದರು.

ತಾನು ಕೈಹಿಡಿದು ಕರೆತಂದವನು ತನ್ನ ಜಾಗದಲ್ಲಿ ನಿಂತಾಗ ಹೊಟ್ಟೆಯಲ್ಲಿ ಕಿಚ್ಚು ಹೊತ್ತಲು ನಾಟಕವೇ ಆಗಬೇಕಿಲ್ಲ.

"ನಾನೂ ಬರ್ತೀನಿ," ಗೋಪೀನಾಥ ಎದ್ದರು.

"ನೀವು ಇಲ್ಲೇ ಇರಿ. ಪ್ರಭುಗಳು ಬರ್ತಾ ಇದಾರೆ."

*

ಹಾಲಿನ ಹಿಂದಿನ ಪುಟ್ಟ ಅಡುಗೆಕೋಣೆಯಲ್ಲಿ ಶಿವಯೋಗಿ ಇಡೀ ತಂಡಕ್ಕೆ ಗಿರ್ಮಿಟ್ ಮಾಡಲು ಕೂತಿದ್ದ. ಒಂದು ಕಡೆ ಮಂಡಕ್ಕಿಯ ಗುಡ್ಡೆ, ಇನ್ನೊಂದು ಕಡೆ ಈರುಳ್ಳಿಯ ಗುಡ್ಡೆ. ಜಲಜಾ ಬರೆದ ದುಷ್ಟ ಹುಬ್ಬುಗಳು ಬೆವರಿಗೆ ಕರಗಿ ಕೆನ್ನೆಗೆ ಇಳಿದಿದ್ದವು. ಕಣ್ಣು ಕೆಂಪಗಿತ್ತು.

"ಬರ್ರಿ ಅಕ್ಕಾರ. ಖಾರ ಎಷ್ಟಿರಲಿ? ಬೆಂಗಳೂರ ಖಾರನೋ, ನಮ್ಮ ಖಾರನೋ?"

ಜಲಜಾ ಬಾಗಿಲು ಓರೆ ಮಾಡಿದರು. "ಅಮರೇಶನಿಗೆ ಏನು ಬಂದಿತ್ತು ಅಂತ ಗೊತ್ತಾಯ್ತಲ್ಲ ನಿಂಗೆ."

"ಗೊತ್ತಾತ್ರಿ. ಅದಕ್ಕ ಇಲ್ಲಿ ಬಂದು ಕುಂತೀನಿ." ಚಾಕು ನಿಲ್ಲಲಿಲ್ಲ. "ನೀವು ಯಾವಾಗ ಬರ್ತೀರಿ ಅಂತನ ಕಾಯತಿದ್ನಿ."

"ಯಾಕೆ?"

"ಫೋನು ನಂದ ಅಲ್ರಿ ಹೊರಗಿದ್ದದ್ದು? ನಾನೂ ಪೊಲೀಸ್ ಪರೀಕ್ಷಾಕ್ಕ ಓದಾಕತ್ತೀನಿ ಅಕ್ಕಾರ. ಇಷ್ಟು ತಿಳಿಯೂದಿಲ್ಲೇನು?"

"ಹಾಗಾದ್ರೆ ನೇರ ಕೇಳ್ತೀನಿ. ನೀನು ಕಳಿಸಿದ್ಯಾ?"

"ಇಲ್ರಿ."

"ಅವನ ಮೇಲೆ ಹೊಟ್ಟೆಕಿಚ್ಚು ಇರ್ಲಿಲ್ವಾ?"

ಚಾಕು ನಿಂತಿತು.

"ಇತ್ರಿ," ಅಂದ. "ಹಂಗ್ಯಾಕ ಸುಳ್ಳ ಹೇಳ್ಲಿ? ಮೊದಲ್ನೇ ವಾರ, ಇವಗ ಗಂಟಲ ಕಟ್ಟಲಿ ಅಂತ ದೇವರಿಗೆ ಕಾಯಿ ಒಡಿಸೀನಿ. ರೂಮಿನಾಗ ಫ್ಯಾನ್ ಜೋರ ಇಟ್ಟು ಮಲಗೀನಿ. ಕಡೀಗೆ ನೆಗಡಿ ಆಗಿದ್ದು ನನಗ." ತನಗೇ ನಗು ಬಂದು ತಲೆ ಆಡಿಸಿದ. "ಆಮ್ಯಾಲೆ ಒಂದಿನ ತಾಲೀಮಿನಾಗ ಗಿರಣಿಯವ್ರ ಮಗಳು ಕುಂತು ನೋಡಾಕತ್ತಿದ್ಲು. ನಾ ಬಂಟ ಆಗಿ ಬಂದ ಕೂಡ್ಲೆ ಆ ಕೂಸು ಚೀರಿ ಅವರಪ್ಪನ ಹಿಂದ ಅಡಗಿತು. ಅವತ್ತ ಕಿಚ್ಚು ಆರಿತ್ರಿ. ದಂಡನಾಯಕ್ನ ನೋಡಿ ಯಾರಾದ್ರೂ ಹಂಗ ಚೀರತಾರೇನು? ಒಳ್ಳೊಳ್ಳೆ ಮಾತೆಲ್ಲ ಬಂಟಂದ ಅದಾವು ಅಕ್ಕಾರ. ಅಮರ್ಯಾ ಬರೇ ಕೂಗೂದು."

ಜಲಜಾ ನಗಲಿಲ್ಲ. ನಗು ಬಂದಿತ್ತು, ಆದರೆ ಅದನ್ನು ಪಕ್ಕಕ್ಕಿಟ್ಟರು. ಇವನು ಕಣ್ಣು ತಪ್ಪಿಸದೆ ಮಾತಾಡುತ್ತಿದ್ದ. ತಾಲೀಮಿನಲ್ಲಿ ದಂಡನಾಯಕನ ಕಿವಿಯಲ್ಲಿ ಸುಳ್ಳು ಸುರಿಯುವಾಗಲೂ ಇವನು ಕಣ್ಣು ತಪ್ಪಿಸುವುದಿಲ್ಲ.

"ರೆಕಾರ್ಡಿಂಗ್ ಈಗ ಎಲ್ಲಿದೆ?"

"ನನ್ನ ಹಂತ್ಯಾಕ ಇಲ್ರಿ. ಅಳಿಸಿಬಿಟ್ಟೀನಿ."

"ಅಳಿಸಿದ್ರೆ ಅವನಿಗೆ ಹೇಗೆ ಬಂತು? ಸಾರ್‌ಗೆ ಕೊಟ್ಟಿದ್ಯಾ?"

"ಸಾರ್ ಆ ಸಂಜಿನ ನನ್ನ ಫೋನಿನಾಗ ಕೇಳಿದ್ರು. ತಗೊಳ್ಳಿಲ್ಲ. ಅಳಸೂಕಿಂತ ಮೊದಲ ಒಬ್ಬರಿಗೆ ಕೊಟ್ಟೀನ್ರಿ. ಒಬ್ಬರಿಗಷ್ಟ."

"ಯಾರಿಗೆ?"

ಶಿವಯೋಗಿ ಮತ್ತೊಂದು ಈರುಳ್ಳಿ ಎತ್ತಿಕೊಂಡ. ಹೊರಗೆ ಪುರುಷೋತ್ತಮ 'ಕೊಲ್ಲು, ಕೊಲ್ಲು!' ಎಂದು ಕೂಗುವುದೂ ಅದರ ಹಿಂದೆಯೇ ಎಲ್ಲರೂ ಹೋ ಎಂದು ನಗುವುದೂ ಕೇಳಿಸಿತು.

"ಶಿವಯೋಗಿ. ಗುರುವಾರ ಅವರಿಬ್ಬರ ನಿಶ್ಚಿತಾರ್ಥ ಇದೆ. ಯಾರು ಕಳಿಸಿದ್ದು ಅಂತ ಗೊತ್ತಾಗದೇ ಹೋದ್ರೆ ನಾಳೆ ಇನ್ನೊಂದು ಕಳಿಸ್ತಾರೆ. ಇವತ್ತು ಅಮರೇಶ ನಕ್ಕ. ನಾಳೆ ನಗಲ್ಲ. ಹೇಳು, ಯಾರಿಗೆ ಕೊಟ್ಟೆ?"

"ಹೇಳಿದ್ರ ನೀವು ನಂಬೂದಿಲ್ರಿ."

"ನಂಬೋದು ಬಿಡೋದು ನಂಗಿರಲಿ."

"ಶಿಲ್ಪಾಗ."

ಜಲಜಾ ಪಕ್ಕದ ಡಬ್ಬಿಯ ಮೇಲೆ ಕೂತರು. ಈ ಸಲ ಅದು ಅಲುಗಾಡುತ್ತದೆಯೇ ಎಂದು ನೋಡಲು ಮರೆತರು.

"ಅಕಿನ ಬಂದು ಕೇಳಿದ್ಲು. ಬಾಜೂಕ ನಿಂತು ಕಳಿಸ್ಕೊಂಡ್ಲು. ಇನ್ನ ನಿನ್ನ ಫೋನಿನಾಗ ಬ್ಯಾಡ, ಅಳಿಸು, ನಾಚಿಕಿ ಆಗ್ತೈತಿ ಅಂದ್ಲು. ಅಕಿ ಮುಂದನ ಅಳಿಸೀನಿ. ಅಮರ್ಯಾಗ ಹೇಳಬ್ಯಾಡ ಅಂತ ಆಣಿ ತಗೊಂಡ್ಲು." ಕಣ್ಣಿಂದ ನೀರು ಇಳಿದು ಕರಿ ಹುಬ್ಬಿನ ಗೆರೆಯನ್ನು ಗಲ್ಲದವರೆಗೂ ಎಳೆಯಿತು. "ಆಣಿ ಮುರದ್ನಿ ಅಕ್ಕಾರ, ನಿಮ್ಮ ಮುಂದ."

ಆ ಕಣ್ಣೀರು ಈರುಳ್ಳಿಯದೋ ಅವನದೋ ಜಲಜಾರಿಗೆ ತಿಳಿಯಲಿಲ್ಲ.

ತನ್ನದೇ ಹೆಸರು ಕೆಡಿಸುವ ಮಾತನ್ನು, ಮದುವೆಯಾಗಬೇಕಾದ ಹುಡುಗನಿಗೆ, ಶಿಲ್ಪಾ ತಾನೇ ಕಳಿಸುತ್ತಾಳೆಯೇ? ನಾಳೆ ನಾಟಕ ಇಟ್ಟುಕೊಂಡು? ಅಲ್ಲಿ ಹೊನ್ನವ್ವ ಬೇಳೆ ಆರಿಸುತ್ತಿರುವಾಗ?

ಅಥವಾ ಈ ಹುಡುಗ ತಾಲೀಮಿನಲ್ಲಿ ದಿನಾ ಮಾಡುವುದನ್ನೇ ಈಗ ಇಲ್ಲಿ, ಮಂಡಕ್ಕಿ ರಾಶಿಯ ಮುಂದೆ ಕೂತು, ಜಲಜಾರ ಕಿವಿಗೆ ಮಾಡುತ್ತಿದ್ದಾನೆಯೇ? ಕೇಳಿದವರಿಗಷ್ಟೇ ಹೇಳಿ, ಒಲ್ಲೆ ಒಲ್ಲೆ ಎನ್ನುತ್ತಾ ಹೇಳಿ, ಹೇಳಿದ ಮೇಲೆ ಅತ್ತು. ಬಂಟನ ಪಾತ್ರ ಹಾಗೆಯೇ ಇತ್ತಲ್ಲ.

ಇಬ್ಬರಲ್ಲಿ ಒಬ್ಬರದು ಸುಳ್ಳು. ಯಾರು ಎಂದು ತೀರ್ಮಾನಿಸುವುದಕ್ಕೆ ಅವರ ಬಳಿ ಇದ್ದದ್ದು ಬರೀ ಒಂದು ಮಾತು.

ಆ ಮಾತನ್ನು ಈಗ ಎಲ್ಲಿಡುವುದು? ಅಮರೇಶನಿಗೆ ಹೇಳಿದರೆ, ಆ ಗಳಿಗೆಯಿಂದ ಅವನ ಕಿವಿ ಊದಿದವರು ತಾವೇ ಆಗುತ್ತಾರೆ. ಹೇಳದೆ ಹೋದರೆ, ಅನುಮಾನ ಒಳಗಿಟ್ಟುಕೊಂಡೇ ಹೊನ್ನವ್ವನ ಮನೆಯ ಹೋಳಿಗೆ ತಿಂದು ಬರಬೇಕು.

"ಅಕ್ಕಾರ, ಖಾರ?" ಶಿವಯೋಗಿ ಮೂಗೊರೆಸಿಕೊಂಡು ಕೇಳಿದ.

"ನಿಮ್ಮ ಖಾರಾನೇ ಹಾಕು," ಅಂದರು ಜಲಜಾ.

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡಿತು. ಅಮರೇಶ. ಹೆಲ್ಮೆಟ್ ಹೋಗಿತ್ತು, ಕೂದಲು ಕೆದರಿತ್ತು, ಮುಖ ಹಬ್ಬದ ಮನೆಯ ಹಾಗೆ ಬೆಳಗುತ್ತಿತ್ತು.

"ಆಂಟಿ! ಕೊಂದ್ನಿ! ಕಡೀಗೂ ಕೊಂದ್ನಿ ನೋಡ್ರಿ! ಸಾರ್ ಶಭಾಷ್ ಅಂದ್ರು!" ಒಂದು ಹಿಡಿ ಮಂಡಕ್ಕಿ ಬಾಯಿಗೆ ಎಸೆದುಕೊಂಡು ಶಿವಯೋಗಿಯ ಹೆಗಲ ಮೇಲೆ ಕೈ ಹಾಕಿದ. "ಏನಲೇ ದೋಸ್ತ, ಅಳಾಕತ್ತೀಯಲ್ಲೋ! ಉಳ್ಳಾಗಡ್ಡಿಗೆ ಇಷ್ಟು ಅತ್ತರ ನಾಳೆ ಪೊಲೀಸ್ ಆಗಿ ಕಳ್ಳರನ್ನ ಹ್ಯಾಂಗ ಹಿಡೀತಿ?"

ಶಿವಯೋಗಿ ತಲೆಯೆತ್ತಲಿಲ್ಲ. ಅಮರೇಶನ ನಗು ಅರ್ಧಕ್ಕೆ ನಿಂತಿತು. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ.

"ಆಂಟಿ," ಅಂದ, ದನಿ ತಗ್ಗಿಸಿ. "ಅದನ್ನ ಕಳಿಸಿದವರು ಯಾರಂತ ತಿಳೀತೇನ್ರಿ?"

ಜಲಜಾ ಬಾಯಿ ತೆರೆದರು. 'ಇನ್ನೂ ಇಲ್ಲಪ್ಪ' ಎನ್ನಬೇಕೆಂದಿದ್ದರು. ಅದು ಪೂರ್ತಿ ಸುಳ್ಳಲ್ಲ.

ಆಗ ಅವನ ಬೆನ್ನ ಹಿಂದೆ, ಹಾಲಿನ ಬೆಳಕಿನಲ್ಲಿ, ಈಗಷ್ಟೇ ಸತ್ತು ಎದ್ದ ಹೆಂಡತಿಯ ವೇಷದಲ್ಲೇ ಶಿಲ್ಪಾ ಬಂದು ನಿಂತಳು. ಅಮರೇಶನ ಪ್ರಶ್ನೆ ಅವಳಿಗೆ ಕೇಳಿಸಿತ್ತು. ಅವಳು ಶಿವಯೋಗಿಯನ್ನು ನೋಡಿದಳು, ಆಮೇಲೆ ಜಲಜಾರನ್ನು. ಅಮರೇಶ ತಿರುಗುವ ಮೊದಲೇ ಜಲಜಾರಿಗೆ ಎರಡೂ ಕೈ ಜೋಡಿಸಿ, ಹೇಳಬೇಡಿ ಎಂದು ತಲೆಯಾಡಿಸಿದಳು.